ಪಳ್ಳಿ, ಹಳ್ಳಿ, ಅಳ್ಳಿ

ಅನ್ವಯಿಕ ಭಾಷಾವಿಜ್ಞಾನದ ಎಂ.ಎ. ತರಗತಿಗೆ ಸೇರಿದ ಮೊದಲ ವಾರವೇ ನಮಗೊಂದು ಸಂತೋಷದ ಸುದ್ದಿ ಸಿಕ್ಕಿತ್ತು. ಯಾವ ಮಾತೂ ಮೇಲಲ್ಲ, ಯಾವ ಮಾತೂ ಕೀಳಲ್ಲ, ಪ್ರತಿಯೊಂದು ಉಪಭಾಷೆಗೂ ಅದರದೇ ನಿಯಮ ಉಂಟು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಕೇರಿಗಳಿಂದ ಬಂದಿದ್ದ ನಾವು ಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮವ್ವ ಆಡೋ ಮಾತಿಗೂ ವ್ಯಾಕರಣ ಅದೆ ಅಂತ ಶಾಸ್ತ್ರವೇ ಹೇಳ್ತದಲ್ಲ! ತಿಂಗಳು ಕಳೆಯಲಿಲ್ಲ. ನಮ್ಮಲ್ಲೊಬ್ಬ ಸೆಮಿನಾರಿನಲ್ಲಿ ಎದ್ದು ನಿಂತು ‘ನಮ್ಮ ಅಳ್ಳಿ ಕಡೆ’ ಅಂತ ಶುರು ಮಾಡಿದ. ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ‘ಮೊದಲು ಹಕಾರ ಕಲಿತುಕೊಂಡು ಬಾರಯ್ಯ, ಆಮೇಲೆ ಭಾಷಾವಿಜ್ಞಾನ’ ಅಂದರು. ಬೋರ್ಡಿನ ಮಾತು ಬೋರ್ಡಿನಲ್ಲೇ ಉಳಿಯಿತು.

ಈ ಹಕಾರದ ಜಾತಕವನ್ನು ಸ್ವಲ್ಪ ಬಿಚ್ಚೋಣ. ಪಂಪ ಬರೆದ 10ನೆಯ ಶತಮಾನದ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹಳ್ಳಿ ‘ಪಳ್ಳಿ’. ಮುಂದಿನ ಕೆಲವು ಶತಮಾನಗಳಲ್ಲಿ ಪದದ ಮೊದಲಿನ ಪಕಾರ ಸವೆದು ಹಕಾರವಾಯಿತು. ಮೈಸೂರು ಸೀಮೆಯ ದುಡಿಯುವ ಜನರ ಬಾಯಲ್ಲಿ ಆ ಹಕಾರವೂ ಸವೆದು ‘ಆಲು’, ‘ಉಲಿ’, ‘ಅಳ್ಳಿ’ ಆಗಿದೆ. ದಾರಿ ಒಂದೇ, ಇದು ಅದರ ಮುಂದಿನ ಹೆಜ್ಜೆ. ತರಗತಿಯಲ್ಲಿ ಮೊದಲ ಹೆಜ್ಜೆಗೆ ‘ಧ್ವನಿ ಪರಿವರ್ತನೆ’ ಅಂತ ಹೆಸರು, ಎರಡನೆಯದಕ್ಕೆ ‘ಉಚ್ಚಾರಣಾ ದೋಷ’. ಪಂಪ ಎದ್ದು ಬಂದರೆ ಪಂಡಿತರ ‘ಹಾಲು’ ಕೇಳಿ ಏನಂತಿದ್ದನೋ!

ಜಾತಿಗೂ ಮಾತಿಗೂ ಇರುವ ನಂಟನ್ನು ಈ ಶಾಸ್ತ್ರ ನೋಡಿಯೇ ಇಲ್ಲ ಎಂದರೆ ಅನ್ಯಾಯವಾದೀತು. 1960ರಲ್ಲಿ ವಿಲಿಯಂ ಮೆಕಾರ್ಮಕ್ ಧಾರವಾಡದ ಕನ್ನಡವನ್ನು ಬ್ರಾಹ್ಮಣ, ಬ್ರಾಹ್ಮಣೇತರ, ಹರಿಜನ ಎಂದು ಮೂರಾಗಿ ವಿಂಗಡಿಸಿದರು. ಅದೇ ವರ್ಷ ವಿಲಿಯಂ ಬ್ರೈಟ್ ಬ್ರಾಹ್ಮಣರ ಮತ್ತು ಒಕ್ಕಲಿಗರ ಕನ್ನಡವನ್ನು ಹೋಲಿಸಿದರು. ಬ್ರಾಹ್ಮಣರ ಮಾತು ಹೆಚ್ಚು ಪ್ರಜ್ಞಾಪೂರ್ವಕವಾದ ಮಟ್ಟದಲ್ಲಿ, ಅಂದರೆ ಪದಗಳನ್ನು, ಪರಭಾಷೆಯ ಧ್ವನಿಗಳನ್ನು ಎರವಲು ತರುವುದರಲ್ಲಿ ಬದಲಾಗುತ್ತದೆ. ಉಳಿದವರದು ಪ್ರಜ್ಞೆಗೆ ಅಷ್ಟಾಗಿ ನಿಲುಕದ ಧ್ವನಿ, ಪ್ರತ್ಯಯಗಳ ಮಟ್ಟದಲ್ಲಿ ಬದಲಾಗುತ್ತದೆ ಎಂದರು. ಓದಿ ನಮಗೆ ಸಿಟ್ಟೇ ಬಂತು. ಬದಲಾವಣೆಯಲ್ಲೂ ಅವರಿಗೆ ಪ್ರಜ್ಞೆ, ನಮಗೆ ಮಂಪರು! ಆದರೆ ಬ್ರೈಟ್ ಮತ್ತು ಎ.ಕೆ. ರಾಮಾನುಜನ್ ಅಲ್ಲಿಗೇ ನಿಲ್ಲದೆ, 1964ರಲ್ಲಿ ಪ್ರಕಟವಾದ ಬರಹದಲ್ಲಿ ತುಳುವನ್ನೂ ಪಕ್ಕಕ್ಕಿಟ್ಟು ನೋಡಿದರು. ಅಲ್ಲಿ ಬ್ರಾಹ್ಮಣರ ತುಳುವೂ ಉಳಿದವರ ತುಳುವಿನ ಹಾಗೇ ಒಳಗೊಳಗೇ ಬದಲಾಗಿತ್ತು. ಹಾಗಾದರೆ ಇದು ಜಾತಿಯ ಗುಣವಲ್ಲ, ಅಕ್ಷರದ ಮಹಿಮೆ. ಬರಹದ ಭಾಷೆ ಕನ್ನಡ ಬ್ರಾಹ್ಮಣರ ಮಾತಿಗೆ ಬ್ರೇಕು ಹಾಕಿರಬೇಕು, ತುಳುವಿನ ಮೇಲೆ ಬರಹಕ್ಕೆ ಅಂಥ ಹಿಡಿತವಿರಲಿಲ್ಲ ಎಂದರು. ಒಳ್ಳೆಯ ಒಳನೋಟ, ಒಪ್ಪುತ್ತೇವೆ. ಇಷ್ಟು ಹತ್ತಿರ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು. ಅಕ್ಷರ ಅನ್ನೋದು ಮಳೆಯ ಹಾಗೆ ಅಗ್ರಹಾರಕ್ಕೆ ಬಿದ್ದು ಕೇರಿಗೆ ತಪ್ಪಿತೇನು? ತಡೆದವರು ಯಾರು? ನಾವಿದನ್ನು ತರಗತಿಯಲ್ಲಿ ಕೇಳಿದೆವು. ಸಮಾಜಶಾಸ್ತ್ರದ ವಿಭಾಗಕ್ಕೆ ಹೋಗಿ ಕೇಳಿ ಅಂದರು.

ಇನ್ನು ‘ಅನ್ವಯಿಕ’ ಅನ್ನುವ ಮಾತಿಗೇ ಬರೋಣ. ನಾವು ಓದಿದ್ದರಲ್ಲಿ ಈ ಶಾಸ್ತ್ರ ಹೆಚ್ಚಾಗಿ ಅನ್ವಯವಾಗಿರುವುದು ಇಂಗ್ಲಿಷ್ ಕಲಿಸುವುದಕ್ಕೆ. ಕಲಿಯುವವನ ತಪ್ಪು ಬರೀ ತಪ್ಪಲ್ಲ, ಅವನೊಳಗೆ ಕಟ್ಟಿಕೊಳ್ಳುತ್ತಿರುವ ಒಂದು ವ್ಯವಸ್ಥೆಯ ಸುಳಿವು ಎಂದು ಪಿಟ್ ಕಾರ್ಡರ್ 1967ರಲ್ಲೇ ಬರೆದರು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ನಡೆಸಿದ, ನಮ್ಮ ಬೆಂಗಳೂರಿನ ಹೆಸರಿನಲ್ಲೇ ಹೊರಗೆ ಪ್ರಸಿದ್ಧವಾದ ಪ್ರಯೋಗದ ತಿರುಳೂ ಇಂಥದ್ದೇ. ಮಕ್ಕಳು ಅರ್ಥದ ಕಡೆ ಗಮನವಿಟ್ಟು ನಕ್ಷೆ ಓದಲಿ, ವೇಳಾಪಟ್ಟಿ ಬಿಡಿಸಲಿ, ವ್ಯಾಕರಣ ಅದರ ಹಿಂದೆಯೇ ಬರುತ್ತದೆ. ಎಷ್ಟು ತಾಳ್ಮೆ ನೋಡಿ! ಇಂಗ್ಲಿಷ್ ತೊದಲುವ ಮಗುವಿಗೆ ಈ ತಾಳ್ಮೆ, ತನ್ನ ಮನೆಯ ಕನ್ನಡ ಆಡುವ ಕೇರಿಯ ಮಗುವಿಗೆ ಬೆತ್ತ. ಸಾಧ್ಯವಿರುವ ಕಡೆಯೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಪಾಠ ನಡೆಯಲಿ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಯಾರ ಮನೆಯ ಮಾತಿನಲ್ಲಿ ಸ್ವಾಮಿ?

ಅವತ್ತು ನಗೆಗೀಡಾದ ನಮ್ಮ ಗೆಳೆಯ, ಕೇರಿಯ ಮಕ್ಕಳ ಬರವಣಿಗೆಯಲ್ಲಿ ಹಕಾರ ಎಂಬ ವಿಷಯವನ್ನು ಕಿರುಪ್ರಬಂಧಕ್ಕೆ ಕೊಟ್ಟ. ‘ಇದರಲ್ಲಿ ಅನ್ವಯ ಏನಿದೆ?’ ಎಂದು ವಾಪಸು ಬಂತು. ಕಾಲೇಜು ಹುಡುಗರು ಇಂಗ್ಲಿಷಿನ ‘ಎ’, ‘ದಿ’ಗಳಲ್ಲಿ ಮಾಡುವ ತಪ್ಪುಗಳನ್ನು ಎಣಿಸಿ ಪಾಸಾದ. ಆದರೂ ಹಾಸ್ಟೆಲ್ ಮಕ್ಕಳ ನೋಟುಬುಕ್ಕು ಕೂಡಿಡುವುದನ್ನು ಅವನು ಬಿಡಲಿಲ್ಲ. ಮೊನ್ನೆ ಅವನ್ನು ಮುಂದೆ ಹರಡಿಕೊಂಡು ಕೂತಿದ್ದೆವು. ‘ಆಲು’, ‘ಅಳ್ಳಿ’ ಇದ್ದವು, ಅದು ಗೊತ್ತಿದ್ದದ್ದೇ. ನಮ್ಮನ್ನು ಕಲಕಿದ್ದು ‘ಹಾನೆ’, ‘ಹೂರು’, ‘ಹೆಲೆ’. ಆನೆಗೂ ಊರಿಗೂ ಎಲೆಗೂ ಎಲ್ಲಿಂದ ಬಂತು ಹಕಾರ? ಹಕಾರ ಬಿಟ್ಟಿದ್ದಕ್ಕೆ ಏಟು ತಿಂದ ಕೂಸು, ಎಲ್ಲಿ ಇನ್ನೊಂದು ಬೀಳ್ತದೋ ಅಂತ ಅಂಜಿ, ಸ್ವರ ಕಂಡಲ್ಲೆಲ್ಲ ಒಂದೊಂದು ಹಕಾರ ಅಂಟಿಸಿ ಬರೆದಿದೆ. ಅದಕ್ಕೂ ಸುತ್ತ ಕೆಂಪು ಶಾಯಿಯ ಸೊನ್ನೆ ಹಾಕಿದ್ದಾರೆ.