ಬೊಂಬಾಯಿ ಕೊಂಡವನೇ ಸಾವ್ಕಾರ

‘ಬಿಸಿನೆಸ್’ ಆಟವನ್ನು ಪೂರ್ತಿ ಆಡಿ ಮುಗಿಸಿದವರು ಕಡಿಮೆ, ಆಡಿ ಬೈದವರು ಹೆಚ್ಚು. ಬಬಲೇಶ್ವರ ತಾಲ್ಲೂಕಿನ ನಿಡೋಣಿಯಂಥ ಊರಲ್ಲಿ ಬೇಸಿಗೆ ಸೂಟಿಗೆ ಕೂಡಿದ ಹುಡುಗರನ್ನು ಕೇಳಿ, ಬೆಂಗಳೂರಿನ ಕೆಫೆಯಲ್ಲಿ ತಾಸಿಗಿಷ್ಟು ಎಂದು ರೊಕ್ಕ ಕೊಟ್ಟು ಬೋರ್ಡ್ ಗೇಮ್ ಆಡುವವರನ್ನು ಕೇಳಿ, ತಕರಾರು ಹೆಚ್ಚುಕಡಿಮೆ ಒಂದೇ. ‘ಇದರಾಗ ಬುದ್ಧಿ ಏನೈತಿ? ಡೈಸ್ ಬಿದ್ದಂಗ ಹೋಗೂದು. ಮೊದಲ ಬೊಂಬಾಯಿ ಕೊಂಡಾವನ ಸಾವ್ಕಾರ.’ ಇದರ ಬೆನ್ನಿಗೇ ಇನ್ನೊಂದು: ಸೋಲುತ್ತೇವೆ ಎಂಬುದು ಅರ್ಧ ತಾಸಿಗೇ ಗೊತ್ತಾಗುತ್ತದೆ, ಪೂರ್ತಿ ಮುಳುಗಲು ಮಾತ್ರ ಮೂರು ತಾಸು ಹಿಡಿಯುತ್ತದೆ. ಎರಡೂ ನಿಜ. ಆದರೆ ಇವನ್ನು ಆಟದ ದೋಷಗಳ ಪಟ್ಟಿಗೆ ಸೇರಿಸುವ ಮೊದಲು ಅದನ್ನು ಕಟ್ಟಿದವಳು ಯಾಕೆ ಕಟ್ಟಿದಳು ಎಂದು ನೋಡಬೇಕು.

ನಮ್ಮ ಪೇಟೆಯ ಬಿಸಿನೆಸ್ ಅಮೆರಿಕದ ‘ಮೊನೊಪಲಿ’ಯ ದೇಸಿ ಮರಿ. ಬಹಳ ಮನೆಗಳಲ್ಲಿ ಬಳಕೆಯಲ್ಲಿದ್ದ ಪ್ರತಿಯಲ್ಲಿ ಸುತ್ತಲೂ ಮೂವತ್ತಾರು ಮನೆ. ಮೂಲೆಗೆ ಜೈಲು, ಕ್ಲಬ್ಬು, ರೆಸ್ಟ್ ಹೌಸ್. ನಡುವೆ ಬೊಂಬಾಯಿ, ದಿಲ್ಲಿ, ಕಲ್ಕತ್ತಾ, ಮದ್ರಾಸು, ಶಿಮ್ಲಾ, ಊಟಿ, ಗೋವಾ. ಕರ್ನಾಟಕದ ಪಾಲಿಗೆ ಬೆಂಗಳೂರು ಒಂದೇ. ಮೊನೊಪಲಿಯನ್ನು ಪಾರ್ಕರ್ ಬ್ರದರ್ಸ್ ಕಂಪನಿ 1935ರಲ್ಲಿ ಚಾರ್ಲ್ಸ್ ಡ್ಯಾರೋ ಎಂಬವನ ಹೆಸರಲ್ಲಿ ಮಾರಿತು. ಅದರ ಬೇರು ಇರುವುದು ಲಿಜ್ಜಿ ಮೇಗಿ ಎಂಬ ಹೆಣ್ಣುಮಗಳು 1904ರಲ್ಲಿ ಪೇಟೆಂಟ್ ಪಡೆದ ‘ಜಮೀನ್ದಾರನ ಆಟ’ದಲ್ಲಿ. ಕಂಪನಿ ಅವಳ ಹಕ್ಕನ್ನು ಐನೂರು ಡಾಲರಿಗೆ ಕೊಂಡು ಕೈತೊಳೆದುಕೊಂಡಿತು. ಮೇಗಿ ಅರ್ಥಶಾಸ್ತ್ರಜ್ಞ ಹೆನ್ರಿ ಜಾರ್ಜನ ಅನುಯಾಯಿ. ನೆಲ ಯಾರೂ ಮಾಡಿದ್ದಲ್ಲ, ಅದರ ಬಾಡಿಗೆಯಿಂದ ಒಬ್ಬ ಕೂತು ಉಣ್ಣುವುದು ಅನ್ಯಾಯ, ತೆರಿಗೆ ಹಾಕುವುದಾದರೆ ನೆಲದ ಬೆಲೆಯ ಮೇಲೆ ಹಾಕಿರಿ ಎಂಬುದು ಅವನ ವಾದ. ಆ ವಾದವನ್ನು ಓದಲಾರದವರಿಗೆ ಆಡಿಸಿ ತೋರಿಸಲು ಮೇಗಿ ಬೋರ್ಡು ಬರೆದಳು. ಮೊದಲು ನೆಲ ಹಿಡಿದವನು ಉಬ್ಬುತ್ತ ಹೋಗಬೇಕು, ಉಳಿದವರು ಎಷ್ಟೇ ಸುತ್ತು ಹಾಕಿದರೂ ಸವೆಯುತ್ತ ಹೋಗಬೇಕು, ಅದು ಬೇಸರ ತರಿಸಬೇಕು. ಹೀಗಾಗಿ ‘ಬೊಂಬಾಯಿ ಕೊಂಡಾವನ ಸಾವ್ಕಾರ’ ಎಂದು ಬೋರ್ಡು ಮಡಚಿ ಎದ್ದ ಹುಡುಗ ಮೇಗಿಯ ಪಾಠವನ್ನು ಸರಿಯಾಗಿಯೇ ಕಲಿತಿದ್ದಾನೆ.

ಅವಳು ಇನ್ನೊಂದು ನಿಯಮಾವಳಿಯನ್ನೂ ಇಟ್ಟಿದ್ದಳು. ಅದರಲ್ಲಿ ನೆಲದ ಬಾಡಿಗೆ ಮಾಲೀಕನ ಕಿಸೆಗೆ ಹೋಗದೆ ಎಲ್ಲರ ಖಜಾನೆಗೆ ಹೋಗುತ್ತದೆ. ಎಲ್ಲರಿಗಿಂತ ಕಡಿಮೆ ಇದ್ದವನ ಗಂಟು ಇಮ್ಮಡಿಯಾದಾಗ ಆಟ ಮುಗಿಯುತ್ತದೆ, ಎಲ್ಲರೂ ಗೆದ್ದಂತೆ. ಪೇಟೆಗೆ ಬಂದದ್ದು ಒಂದೇ ನಿಯಮಾವಳಿ, ಒಬ್ಬನೇ ಗೆಲ್ಲುವುದು. ಪಾಠದ ಅರ್ಧ ಹರಿದುಹೋದ ಪುಸ್ತಕ ಇದು. ಬೇಸರ ಉಳಿಯಿತು, ಬೇಸರದ ಕಾರಣ ಹೋಯಿತು.

ಹರಿದ ಆ ಅರ್ಧವನ್ನು ಹುಡುಗರು ತಮಗೇ ತಿಳಿಯದಂತೆ ಹೊಲಿದುಕೊಳ್ಳಲು ನೋಡುತ್ತಾರೆ ಎಂದು ನನಗೆ ಅನ್ನಿಸುವುದು ಮನೆಮನೆಯ ಒಳನಿಯಮಗಳನ್ನು ನೋಡಿದಾಗ. ದಂಡದ ರೊಕ್ಕವನ್ನು ಬ್ಯಾಂಕಿಗೆ ಕೊಡದೆ ಬೋರ್ಡಿನ ನಡುವೆ ಒಟ್ಟುವುದು. ಮುಳುಗುತ್ತಿರುವ ತಂಗಿಗೆ ಉದ್ರಿ ಬರೆದುಕೊಳ್ಳುವುದು. ‘ಒಂದ್ ರೌಂಡ್ ಬಾಡಿಗಿ ಬ್ಯಾಡ’ ಎಂದು ಸಣ್ಣವರಿಗೆ ಬಿಡುವುದು. ಕರುಣೆಯ ನಿಯಮಗಳೇ, ಒಪ್ಪುತ್ತೇನೆ. ಆಟವಾಗಿ ನೋಡಿದರೆ ಮಾತ್ರ ಇವು ಔಷಧಕ್ಕಿಂತ ರೋಗಕ್ಕೇ ಹತ್ತಿರ. ಆಟ ಮುಗಿಯುವುದೇ ಕೈಯ ರೊಕ್ಕ ತೀರಿದಾಗ. ಹೊರಗಿನಿಂದ ರೊಕ್ಕ ಸುರಿದಷ್ಟೂ ಕೊನೆ ಮುಂದಕ್ಕೆ ಹೋಗುತ್ತದೆ, ಸೋಲುವವನು ಮಾತ್ರ ಬದಲಾಗುವುದಿಲ್ಲ. ಮೂರು ತಾಸಿನ ನರಳಾಟ ಎಂದು ದೂರುವವರೇ ಆ ಮೂರು ತಾಸನ್ನು ತಮ್ಮ ಕೈಯಾರೆ ಹೊಸೆದಿರುತ್ತಾರೆ. ನಡುವೆ ಒಟ್ಟಿದ ರೊಕ್ಕವಂತೂ ಖಜಾನೆಯೇ ಅಲ್ಲ, ಗೊತ್ತುಮಾಡಿದ ಮನೆಯ ಮೇಲೆ ಯಾರ ಕಾಯಿ ಬಿತ್ತೋ ಅವನಿಗೆ ಲಾಟರಿ. ಇನ್ನು ಬ್ಯಾಂಕು ಹಿಡಿದ ದೊಡ್ಡಣ್ಣ ಆಟದಲ್ಲೂ ಇರುವುದು, ನೋಟಿನ ಕಟ್ಟು ಅವನ ತೊಡೆಯ ಕೆಳಗೇ ಇರುವುದು: ಇದರ ಬಗ್ಗೆ ತಂಗಿಯಂದಿರ ಅಭಿಪ್ರಾಯವನ್ನು ಅಚ್ಚುಮಾಡಲಾಗದು.

‘ಬರೇ ನಸೀಬು’ ಎಂಬ ದೂರಿಗೂ ಒಂದು ತಿದ್ದುಪಡಿ ಬೇಕು. ಎರಡು ಡೈಸ್ ಬೀಳುವ ಮೂವತ್ತಾರು ಬಗೆಗಳಲ್ಲಿ ಆರರಲ್ಲಿ ಏಳು ಬರುತ್ತದೆ, ಹನ್ನೆರಡು ಬರುವುದು ಒಂದರಲ್ಲಿ ಮಾತ್ರ. ಮೊನೊಪಲಿಯಲ್ಲಿ ಆಟಗಾರರು ಅತಿ ಹೆಚ್ಚು ಹೊತ್ತು ಕೂರುವುದು ಜೈಲಿನಲ್ಲಿ. ಅಲ್ಲಿಂದ ಆರು, ಎಂಟು, ಒಂಬತ್ತು ಹೆಜ್ಜೆ ದೂರದ ಕಿತ್ತಳೆ ಬಣ್ಣದ ಮನೆಗಳಿಗೆ ಗಿರಾಕಿ ಹೆಚ್ಚು ಎಂಬುದು ಪಳಗಿದವರಿಗೆಲ್ಲ ಗೊತ್ತು. ಅಂದರೆ ಹೊಳೆಯುವ ದೊಡ್ಡ ಊರಿಗಿಂತ ಮಧ್ಯಮ ದರದ, ಕಾಲು ಹೆಚ್ಚು ಬೀಳುವ ಜಾಗ ಲಾಭದ್ದು. ಒಂದು ಡೈಸ್ ಕಳೆದು, ಉಳಿದ ಒಂದರಲ್ಲೇ ಆಡುವ ಮನೆಗಳಲ್ಲಿ (ಅಂಥವೇ ಜಾಸ್ತಿ) ಈ ಲೆಕ್ಕವೂ ಕೆಲಸಕ್ಕೆ ಬಾರದು. ಒಂದರಿಂದ ಆರರವರೆಗೆ ಎಲ್ಲವೂ ಸಮ. ಅಲ್ಲಿ ನಿಜವಾಗಿಯೂ ಬರೇ ನಸೀಬು.

ನನ್ನ ದೂರು ಬೇರೆಯೇ. ಈ ಆಟದಲ್ಲಿ ಯಾರೂ ಏನನ್ನೂ ಬೆಳೆಯುವುದಿಲ್ಲ, ಮಾರುವುದಿಲ್ಲ. ತಿಕೋಟಾ, ಬಬಲೇಶ್ವರದ ಸೀಮೆ ದ್ರಾಕ್ಷಿಯ ಸೀಮೆ. ಇಲ್ಲಿ ಬೋರ್ಡಿನ ಸುತ್ತ ಕುಂತ ಹುಡುಗನ ಅಪ್ಪ ಅದೇ ಹೊತ್ತಿಗೆ ಒಂದು ಲೆಕ್ಕದಲ್ಲಿರುತ್ತಾನೆ. ಹಸಿ ಹಣ್ಣನ್ನೇ ಕೊಡಬೇಕೋ, ಶೆಡ್ಡಿಗೆ ಹಾಕಿ ಒಣಗಿಸಬೇಕೋ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಒಣಗಿಸಿದ್ದನ್ನು ಈಗಲೇ ತಾಸಗಾಂವದ ಪೇಟೆಗೆ ಕಳಿಸಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದಸರೆ-ದೀಪಾವಳಿಯ ದರಕ್ಕೆ ಕಾಯಬೇಕೋ. ಕಾದರೆ ಬಾಡಿಗೆ, ಸಾಲದ ಬಡ್ಡಿ. ನಡುವೆ ಒಂದು ಅಕಾಲದ ಮಳೆ ಬಂದರೆ ಎಲ್ಲ ಲೆಕ್ಕವೂ ಅಡ್ಡ. ಕಾಯುವುದೋ ಕೊಡುವುದೋ ಎಂಬ ಈ ಇಕ್ಕಟ್ಟೇ ಅರ್ಥಶಾಸ್ತ್ರದ ಜೀವ, ಬಿಸಿನೆಸ್ ಬೋರ್ಡಿನಲ್ಲಿ ಅದಕ್ಕೆ ಒಂದು ಮನೆಯೂ ಇಲ್ಲ. ‘ಚಾನ್ಸ್’ ಚೀಟಿ ಮಳೆಯ ಕೆಲಸ ಮಾಡಬಹುದಿತ್ತು, ಅದು ದಂಡ ಹಾಕಿ ಸುಮ್ಮನಾಗುತ್ತದೆ.

ಈ ಕೊರತೆಯನ್ನು ತುಂಬಿದ ಆಟಗಳು ಬಂದಿವೆ. ಜರ್ಮನಿಯ ಕ್ಲಾಸ್ ಟಾಯ್ಬರ್ 1995ರಲ್ಲಿ ತಂದ ‘ಕಟಾನ್’ನಲ್ಲಿ ಡೈಸ್ ಬಿದ್ದರೆ ಬೆಳೆ ಬರುತ್ತದೆ, ಕುರಿ ಕೊಟ್ಟು ಇಟ್ಟಿಗೆ ಕೇಳುವ ಚೌಕಾಸಿ ಇದೆ, ಯಾರೂ ನಡುವೆ ಎದ್ದುಹೋಗಬೇಕಾಗಿಲ್ಲ. ಕೆಫೆಯ ಆಟಗಾರರು ಬಿಸಿನೆಸ್ಸನ್ನು ಹಳಿಯುವಾಗ ಅವರ ಮನಸ್ಸಿನಲ್ಲಿ ಇರುವುದು ಇದು. ಸೊಗಸಾದ ಆಟ, ಅನುಮಾನವಿಲ್ಲ. ಆದರೆ ಅಲ್ಲಿ ದಿವಾಳಿ ಎಂಬುದೇ ಇಲ್ಲ. ಸೋತವನಿಗೂ ಎರಡು ಊರು, ಎರಡು ರಸ್ತೆ ಉಳಿದಿರುತ್ತವೆ. ಸಾಲದ ಅಂಜಿಕೆ ಇಲ್ಲದ ಹಣಕಾಸಿನ ಆಟ ನನಗೆ ಕೊಂಚ ಸಪ್ಪೆ.

ಆ ಅಂಜಿಕೆ ಬೇಕಿದ್ದವರು ಅಜ್ಜಿಯರ ಅಳಗುಳಿ ಮಣೆಯನ್ನು ಇಳಿಸಿ ನೋಡಬೇಕು. ಏಳೇಳು ಗುಣಿಗಳ ಎರಡು ಸಾಲು, ಗುಣಿಗೆ ನಾಲ್ಕೋ ಐದೋ ಹುಣಸೆ ಬೀಜ. ಒಂದು ಗುಣಿಯದನ್ನು ಎತ್ತಿ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದರೆ ಮುಂದಿನ ಗುಣಿಯದನ್ನೆತ್ತಿ ಮತ್ತೆ ಬಿತ್ತು. ಮುಂದಿನದು ಖಾಲಿ ಬಂತೋ, ಅದರಾಚೆಯ ಗುಣಿಯಲ್ಲಿದ್ದದ್ದು ನಿನ್ನದು. ಡೈಸ್ ಇಲ್ಲ, ಚೀಟಿ ಇಲ್ಲ, ಮುಚ್ಚಿಟ್ಟದ್ದು ಏನೂ ಇಲ್ಲ. ಬಿತ್ತುವಾಗ ಎದುರಿನವರ ಹೊಲಕ್ಕೂ ಹಾಕಲೇಬೇಕು. ತನ್ನ ಸಾಲಲ್ಲೇ ಒಟ್ಟಿಕೊಂಡು ಕೂತ ಜಿಪುಣ ಇಲ್ಲಿ ಬಹಳ ಹೊತ್ತು ಬಾಳಲಾರ. ಒಂದು ಬಾಜಿ ಮುಗಿದರೆ ಗೆದ್ದ ಬೀಜದಿಂದ ತಮ್ಮ ತಮ್ಮ ಗುಣಿ ತುಂಬಿಕೊಳ್ಳಬೇಕು. ಸಾಲದೆ ಬಂದವರ ಗುಣಿಗಳು ಮುಂದಿನ ಬಾಜಿಗೆ ಪಾಳು. ಐದು ಗುಣಿಯಲ್ಲಿ ಏಳರ ಎದುರು ಆಡುವ ಕಷ್ಟ ಏನೆಂದು ಅರ್ಧ ಹೊಲ ಒತ್ತೆಯಿಟ್ಟ ಮನೆಯವರಿಗೆ ಹೇಳಬೇಕಾಗಿಲ್ಲ.

ಆಡಿದವರ ಅಭಿಪ್ರಾಯ ಇಲ್ಲಿ ಇನ್ನೂ ಕಟು, ಏಕೆಂದರೆ ಬೈಯಲು ಡೈಸೂ ಇಲ್ಲ. ಸೋತರೆ ಲೆಕ್ಕ ತಪ್ಪಿದ್ದು ನಾವೇ. ತುಳುನಾಡಿನಲ್ಲಿ ಇದೇ ಬಳಗದ ಚೆನ್ನೆಮಣೆಯನ್ನು ಅಕ್ಕತಂಗಿಯರು ಆಡಬಾರದೆಂಬ ನಂಬಿಕೆ ಇದೆ. ಸಿರಿ ಪಾಡ್ದನದ ಅವಳಿಗಳಾದ ಅಬ್ಬಗ-ದಾರಗರಲ್ಲಿ ಆಟದ ಜಗಳಕ್ಕೆ ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು ಕೊಲ್ಲುತ್ತಾಳೆ, ಆಮೇಲೆ ತಾನೂ ಬಾವಿಗೆ ಬೀಳುತ್ತಾಳೆ. ಒಂದು ಬೋರ್ಡ್ ಆಟದ ಬಗ್ಗೆ ಇದಕ್ಕಿಂತ ಗಂಭೀರವಾದ ವಿಮರ್ಶೆ ನನಗೆ ಗೊತ್ತಿಲ್ಲ. ಬಿಸಿನೆಸ್ಸಿನಲ್ಲಿ ಹೆಚ್ಚೆಂದರೆ ಬೋರ್ಡು ಹಾರುತ್ತದೆ.

ಹಾಗೆಂದು ಬಿಸಿನೆಸ್ಸನ್ನು ಅಟ್ಟಕ್ಕೆ ಹಾಕಬೇಕೆಂದಲ್ಲ. ಅದನ್ನು ಉಳಿಸುವ ನಿಯಮವೊಂದು ಮೊನೊಪಲಿಯ ಪುಸ್ತಿಕೆಯಲ್ಲೇ ಇದೆ, ಅಮೆರಿಕದಲ್ಲೂ ಬಹಳ ಮಂದಿ ಅದನ್ನು ಓದುವುದಿಲ್ಲ. ಕಾಯಿ ಬಿದ್ದ ಊರನ್ನು ಆಟಗಾರ ಕೊಳ್ಳದಿದ್ದರೆ ಬ್ಯಾಂಕು ಅದನ್ನು ಅಲ್ಲೇ ಲಿಲಾವಿಗೆ ಇಡಬೇಕು, ಬೇಡವೆಂದವನೂ ಕೂಗಬಹುದು. ಈ ಒಂದು ನಿಯಮ ಬಂದರೆ ನಸೀಬಿನ ಪಾಲು ಇಳಿಯುತ್ತದೆ. ಬೊಂಬಾಯಿಯ ಮೇಲೆ ಮೊದಲು ಬಿದ್ದವನ ಬಳಿ ರೊಕ್ಕ ಕಡಿಮೆ ಇದ್ದರೆ ಊರು ಅವನದಾಗುವ ಖಾತ್ರಿ ಇಲ್ಲ. ಊರುಗಳು ಬೇಗ ಹಂಚಿಹೋಗುತ್ತವೆ, ಆಟ ಬೇಗ ಮುಗಿಯುತ್ತದೆ. ಈ ಸೀಮೆಯ ಮಕ್ಕಳಿಗೆ ಲಿಲಾವು ಕಲಿಸಬೇಕಾಗಿಯೂ ಇಲ್ಲ. ಒಣದ್ರಾಕ್ಷಿ ಪೇಟೆಯ ಕೂಗು ಮನೆಯ ಮಾತಿನಲ್ಲೇ ಇದೆ. ಸಂಕ್ರಾಂತಿಯ ಹೊತ್ತಿನ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ತೊರವಿಯಲ್ಲಿ ದನದ ಸಂತೆ ಕೂಡುತ್ತದೆ, ದಲಾಲರು ಟವೆಲ್ಲಿನಡಿ ಬೆರಳು ಹಿಡಿದು ದರ ಹೇಳುವ ವ್ಯವಹಾರ ಜಾನುವಾರು ಪೇಟೆ ಕಂಡವರಿಗೆಲ್ಲ ಪರಿಚಿತ. ಬೆಂಗಳೂರಿನ ಚೀಟಿಯನ್ನು ಹಾಗೆ ಟವೆಲ್ಲಿನ ಅಡಿ ಮಾರಿದರೂ ಆದೀತು. ಬ್ಯಾಂಕು ಹಿಡಿದವನು ಆಟಕ್ಕೆ ಕೂರಬಾರದು, ಉದ್ರಿ ಬಂದ್, ನಡುವೆ ರೊಕ್ಕ ಒಟ್ಟುವುದೂ ಬಂದ್. ತಕರಾರು ಆಗಲೂ ಇದ್ದೇ ಇರುತ್ತದೆ, ಆದರೆ ಡೈಸಿನ ಮೇಲಿರುವುದಿಲ್ಲ. ‘ಊಟಿಗೆ ಅಷ್ಟ್ಯಾಕ ಕೂಗಿದಿ?’ ಎಂದು ಕೂಗಿದವನ ಮೇಲೆಯೇ ಬರುತ್ತದೆ.