ಎತ್ತಿದನು, ಎತ್ತಿದಳು, ಎತ್ತಿದರು

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಕಬ್ಬಿಣ ಎತ್ತುವವರ ಮಾತೇಕೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ಅದಕ್ಕೆ ಕ್ರೀಡೆಯ ಪುಟ ಬೇರೆ ಇದೆ. ಆದರೆ ಕೆಲವು ವರ್ಷಗಳಿಂದ ಮಹಿಳೆಯರ ಪವರ್‌ಲಿಫ್ಟಿಂಗ್ ಸ್ಪರ್ಧೆಯ ಸುತ್ತ ಎದ್ದಿರುವ ವಾದವನ್ನು ಓದುತ್ತ ಬಂದ ನನಗೆ, ಅದು ತೋಳಿನ ಜಗಳಕ್ಕಿಂತ ಹೆಚ್ಚಾಗಿ ಮಾತಿನ ಜಗಳವೆಂದು ತೋರಿದೆ. ಹುಟ್ಟಿದಾಗ ಗಂಡೆಂದು ದಾಖಲಾಗಿ ಮುಂದೆ ಹೆಣ್ಣಾಗಿ ಬಾಳುತ್ತಿರುವವರು, ಅಂದರೆ ಟ್ರಾನ್ಸ್ ಮಹಿಳೆಯರು, ಹೆಂಗಸರ ವಿಭಾಗದಲ್ಲಿ ಸ್ಪರ್ಧಿಸಬಹುದೇ ಎಂಬುದು ಪ್ರಶ್ನೆ. ಇದಕ್ಕೆ ಉತ್ತರ ಕೊಡುತ್ತಿರುವುದು ಬಹುಮಟ್ಟಿಗೆ ಯುಕ್ತಿಗಳಲ್ಲ, ನಾಮಪದಗಳು. ನಾಮಪದಗಳು ತೀರ್ಪು ಕೊಡಲು ಕುಳಿತ ಕಡೆ ವಿಮರ್ಶಕನಿಗೂ ಸ್ವಲ್ಪ ಕೆಲಸವಿರುತ್ತದೆ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಪವರ್‌ಲಿಫ್ಟಿಂಗ್ ಎಂದರೆ ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ವೇಟ್‌ಲಿಫ್ಟಿಂಗ್ ಅಲ್ಲ. ಹೆಗಲ ಮೇಲೆ ಭಾರ ಹೊತ್ತು ಕುಕ್ಕರಿಸಿ ಏಳುವುದು ಸ್ಕ್ವಾಟ್; ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು ಬೆಂಚ್ ಪ್ರೆಸ್; ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಮೂರರಲ್ಲಿಯೂ ಅತ್ಯುತ್ತಮವಾದುದನ್ನು ಕೂಡಿಸಿದರೆ ಸ್ಪರ್ಧಿಯ ಒಟ್ಟು ಬರುತ್ತದೆ. ಮೂವರು ತೀರ್ಪುಗಾರರಲ್ಲಿ ಇಬ್ಬರು ಒಪ್ಪಿದರೆ ಸಾಕು. ಕಂಬಿ ಎದ್ದಿತು, ಇಲ್ಲವೇ ಏಳಲಿಲ್ಲ. ಇದರಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಇಂಥ ನೇರವಾದ ಆಟಕ್ಕೆ ಇಷ್ಟು ಡೊಂಕು ಮಾತು ಬಂದು ಸುತ್ತಿಕೊಂಡಿರುವುದೇ ಆಶ್ಚರ್ಯ.

2023ರ ಆಗಸ್ಟಿನಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತದ ಬ್ರಾಂಡನ್ ಊರಿನಲ್ಲಿ ಒಂದು ಸ್ಪರ್ಧೆ ನಡೆಯಿತು. ಟ್ರಾನ್ಸ್ ಮಹಿಳೆಯಾದ ಆ್ಯನ್ ಆ್ಯಂಡ್ರೆಸ್ ತಮ್ಮ ವರ್ಗದಲ್ಲಿ ಒಟ್ಟು 597.5 ಕಿಲೋ ಎತ್ತಿ ಮೊದಲ ಸ್ಥಾನ ಪಡೆದರು. ಎರಡನೆಯವರಿಗೂ ಅವರಿಗೂ ನಡುವೆ ಇದ್ದ ಅಂತರ 200 ಕಿಲೋಗಿಂತ ಹೆಚ್ಚು. ಆಗ ಅಲ್ಲಿನ ಸಂಸ್ಥೆಯ ನಿಯಮದಂತೆ, ಸ್ಪರ್ಧಿ ತಾನು ಯಾವ ಲಿಂಗದವರೆಂದು ಹೇಳಿಕೊಳ್ಳುತ್ತಾರೋ ಆ ವಿಭಾಗದಲ್ಲಿ ಸ್ಪರ್ಧಿಸಬಹುದಾಗಿತ್ತು. ನಿಯಮ ಮುರಿದವರು ಯಾರೂ ಇರಲಿಲ್ಲ. ಆದರೂ ಆ ಅಂತರವನ್ನು ಕಂಡು ಏನೂ ಆಗಿಲ್ಲವೆಂಬಂತೆ ಇರುವುದು ಯಾರಿಗೂ ಸಾಧ್ಯವಿರಲಿಲ್ಲ.

ಆಮೇಲೆ ಬಂದ ಬರಹಗಳನ್ನು ಎರಡು ರಾಶಿ ಮಾಡಬಹುದು. ಒಂದು ರಾಶಿಯವರು ಮೊದಲ ವಾಕ್ಯದಲ್ಲಿಯೇ ಆ್ಯಂಡ್ರೆಸ್ ಅವರನ್ನು ಗಂಡಸು ಎಂದು ಕರೆದು, ಗಂಡಸು ಹೆಂಗಸರ ಪದಕ ಕಸಿದನೆಂದು ಮುಗಿಸಿದರು. ಇನ್ನೊಂದು ರಾಶಿಯವರು, ಅವರು ಹೆಂಗಸು, ಹೆಂಗಸು ಹೆಂಗಸರ ಸ್ಪರ್ಧೆಯಲ್ಲಿ ಗೆದ್ದದ್ದರಲ್ಲಿ ಸುದ್ದಿಯೇನಿದೆ ಎಂದರು. ಇಬ್ಬರೂ ಸಾಧಿಸಬೇಕಾದುದನ್ನು ಮೊದಲೇ ಹಿಡಿದುಕೊಂಡು ಹೊರಟರು. ತರ್ಕಶಾಸ್ತ್ರವನ್ನು ಓದದವರಿಗೂ ಇದು ವಾದವಲ್ಲವೆಂದು ತಿಳಿಯುತ್ತದೆ. ನಡುವೆ ಇದ್ದ 200 ಕಿಲೋ ಎಲ್ಲಿಂದ ಬಂತು, ಆ ಎರಡನೆಯ ಸ್ಥಾನದವರು ಮನೆಗೆ ಯಾವ ಭಾವನೆ ಹೊತ್ತು ಹೋದರು, ಮೊದಲನೆಯವರು ಯಾವ ಭಾವನೆ ಹೊತ್ತು ಹೋದರು, ಈ ಮೂರನ್ನೂ ಕೇಳಿದ ಬರಹ ನನ್ನ ಕಣ್ಣಿಗೆ ಬೀಳಲಿಲ್ಲ.

ಇದೇ ಕೆನಡಾದ ಪವರ್‌ಲಿಫ್ಟಿಂಗ್ ಸ್ಪರ್ಧಿ ಏಪ್ರಿಲ್ ಹಚಿನ್ಸನ್ ಆ ನಿಯಮದ ವಿರುದ್ಧ ಬಹಿರಂಗವಾಗಿ ಮಾತಾಡಿದರು. 2023ರ ನವೆಂಬರಿನಲ್ಲಿ ಸಂಸ್ಥೆ ತಮ್ಮನ್ನು ಎರಡು ವರ್ಷ ಅಮಾನತಿನಲ್ಲಿ ಇಟ್ಟಿರುವುದಾಗಿ ಅವರೇ ತಿಳಿಸಿದರು. ಕಾರಣ ಎತ್ತಿದ ಭಾರವಲ್ಲ, ಆಡಿದ ಮಾತು. ಹಚಿನ್ಸನ್ ಆಡಿದ ಮಾತುಗಳಲ್ಲಿ ಎರಡು ಪಾಲು ಇವೆ. ತಾನು ವರ್ಷಗಟ್ಟಲೆ ಬೆವರು ಸುರಿಸಿ ತಲುಪುವ ಅಂಕಿ ಇನ್ನೊಬ್ಬರಿಗೆ ಪ್ರಾಯದ ಕೊಡುಗೆಯಾಗಿ ದೊರೆತಿದ್ದರೆ ಅದು ಸಮಸ್ಪರ್ಧೆಯೇ ಎಂಬುದು ಒಂದು ಪಾಲು. ಇದು ನ್ಯಾಯವಾದ ದೂರು. ಇದಕ್ಕೆ ಉತ್ತರ ಬೇಕು. ಎದುರಿನವರನ್ನು ಅವರು ಒಪ್ಪದ ಹೆಸರಿನಿಂದಲೇ ಕರೆಯುವ ಹಟ ಇನ್ನೊಂದು ಪಾಲು. ಇದರಿಂದ ದೂರಿನ ಬಲ ಹೆಚ್ಚಲಿಲ್ಲ, ಕುಗ್ಗಿತು. ಸಂಸ್ಥೆಯವರು ಎರಡನ್ನೂ ಬೇರ್ಪಡಿಸಿ, ಎರಡನೆಯದನ್ನು ಖಂಡಿಸಿ ಮೊದಲನೆಯದಕ್ಕೆ ಉತ್ತರ ಹೇಳಬಹುದಾಗಿತ್ತು. ಬಾಯಿ ಮುಚ್ಚಿಸಿದ ದೂರು ಸುಳ್ಳಾಗುವುದಿಲ್ಲ. ಹೊರಗೆ ಹೋಗಿ ಇನ್ನಷ್ಟು ಕಟುವಾಗಿ ಬರುತ್ತದೆ.

ಇದಕ್ಕೆ ಎರಡು ವರ್ಷ ಹಿಂದೆ, 2021ರ ಆಗಸ್ಟ್ 2ರಂದು, ಟೋಕಿಯೋ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್ ವೇದಿಕೆಯಲ್ಲಿ ಇದೇ ಕಥೆಯ ಇನ್ನೊಂದು ಮುಖ ಕಂಡಿತ್ತು. ನ್ಯೂಜಿಲೆಂಡಿನ ಲಾರೆಲ್ ಹಬರ್ಡ್ 43ನೆಯ ವಯಸ್ಸಿನಲ್ಲಿ, 87 ಕಿಲೋ ಮೇಲ್ಪಟ್ಟ ಹೆಂಗಸರ ವರ್ಗದಲ್ಲಿ ಸ್ಪರ್ಧಿಸಿದರು. ಪದಕ ಅವರದೇ ಎಂದು ಹೆದರಿದವರೂ ಹಾರೈಸಿದವರೂ ಬರೆದಿದ್ದರು. ಒಮ್ಮೆ 120, ಎರಡು ಸಲ 125 ಕಿಲೋ, ಸ್ನ್ಯಾಚ್‌ನ ಮೂರು ಪ್ರಯತ್ನಗಳೂ ವಿಫಲವಾದವು. ಎದೆಯ ಮುಂದೆ ಎರಡು ಕೈ ಸೇರಿಸಿ ಹೃದಯದ ಆಕಾರ ತೋರಿಸಿ, ತಲೆ ಬಾಗಿಸಿ ಅವರು ವೇದಿಕೆ ಇಳಿದರು. ಚೀನದ ಲೀ ವೆನ್‌ವೆನ್ ಒಟ್ಟು 320 ಕಿಲೋ ಎತ್ತಿ ಚಿನ್ನ ಗೆದ್ದರು. ಅನಂತರ ಪತ್ರಕರ್ತರು ಪದಕ ಪಡೆದ ಮೂವರನ್ನು ಕೇಳಿದ್ದು ಮಾತ್ರ ಹಬರ್ಡ್ ವಿಷಯವನ್ನು. ಮೂವರೂ ಕ್ಷಣಕಾಲ ಸುಮ್ಮನಿದ್ದರು. ಕಡೆಗೆ ಕಂಚು ಗೆದ್ದ ಅಮೆರಿಕೆಯ ಸಾರಾ ರೋಬಲ್ಸ್, ಬೇಡ, ಧನ್ಯವಾದ ಎಂದರು. ಈ ವಿವಾದದ ಬಗ್ಗೆ ನಾನು ಓದಿದ ಸಾವಿರಾರು ವಾಕ್ಯಗಳಲ್ಲಿ ಇದರಷ್ಟು ಅರ್ಥಗರ್ಭಿತವಾದುದು ಬೇರೆ ಇಲ್ಲ. ತಾವು ಎತ್ತಿದ ಭಾರದ ಬಗ್ಗೆ ಯಾರೂ ಕೇಳಲಿಲ್ಲವೆಂಬ ನೋವು, ಸೋತವರ ಮೇಲೆ ಕಲ್ಲೆಸೆಯಬಾರದೆಂಬ ಸಂಯಮ, ಎರಡೂ ಅದರಲ್ಲಿ ಇವೆ ಎಂದು ನಾನು ಓದಿಕೊಂಡೆ.

ಟೋಕಿಯೋದ ಸೋಲನ್ನು ಹಿಡಿದು ಲಾಭವೇ ಇಲ್ಲವೆಂದವರು, ಬ್ರಾಂಡನ್ನಿನ ಗೆಲುವನ್ನು ಹಿಡಿದು ಎಲ್ಲವೂ ಮೋಸವೆಂದವರು, ಇಬ್ಬರೂ ಒಂದು ಘಟನೆಯನ್ನು ನೀತಿಕಥೆ ಮಾಡಿದರು. ವಿಜ್ಞಾನದ ಮಾತು ಇಷ್ಟು ಸಲೀಸಲ್ಲ. 2021ರಲ್ಲಿ ಹಿಲ್ಟನ್ ಮತ್ತು ಲುಂಡ್‌ಬರ್ಗ್ ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಟೆಸ್ಟೋಸ್ಟೆರೋನ್ ತಗ್ಗಿಸುವ ಚಿಕಿತ್ಸೆಯ ಒಂದು ವರ್ಷದ ಮೇಲೂ ಸ್ನಾಯು ಮತ್ತು ಶಕ್ತಿ ಕುಗ್ಗುವುದು ಸುಮಾರು ಶೇಕಡಾ 5ರಷ್ಟೇ ಎಂದರು. ಅಮೆರಿಕೆಯ ವಾಯುಸೇನೆಯ ದಾಖಲೆಗಳನ್ನು ನೋಡಿದ 2020ರ ಇನ್ನೊಂದು ಅಧ್ಯಯನದಲ್ಲಿ, ದಂಡ ಹೊಡೆಯುವುದರಲ್ಲಿ ಇದ್ದ ಅಂತರ ಎರಡು ವರ್ಷದ ಚಿಕಿತ್ಸೆಯ ಮೇಲೆ ಅಳಿಸಿಹೋಗಿತ್ತು. ಓಟದಲ್ಲಿ ಶೇಕಡಾ 12ರ ಅಂತರ ಉಳಿದಿತ್ತು. ಇವಾವುವೂ ಕಂಬಿ ಎತ್ತುವುದನ್ನೇ ಕಸುಬಾಗಿ ಮಾಡಿಕೊಂಡವರ ಮೇಲೆ ನಡೆದ ಅಧ್ಯಯನಗಳಲ್ಲ. ಆದರೂ, ಇಷ್ಟರಿಂದ ತೂಗಿ ನೋಡಿದರೆ, ಶಕ್ತಿಯೇ ಸರ್ವಸ್ವವಾದ ಆಟದಲ್ಲಿ ಲಾಭ ಉಳಿಯುತ್ತದೆ ಎಂಬವರ ತಟ್ಟೆ ತಗ್ಗಿದೆ ಎಂದೇ ನನ್ನ ಅಭಿಪ್ರಾಯ.

ವರ್ಗಗಳೆಲ್ಲ ಮನುಷ್ಯ ಮಾಡಿದವು, ಆದ್ದರಿಂದ ಅವನ್ನು ಕಾಯುವುದು ಬೇಡ ಎಂಬ ಮಾತನ್ನೂ ಕೇಳಿದ್ದೇನೆ. ಕಾವ್ಯ ಓದುವವನು ಇದನ್ನು ಒಪ್ಪಲಾರ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ ಎಂದು ಪ್ರಕೃತಿ ವಿಧಿಸಲಿಲ್ಲ; ಹಾಗೆಂದು 15 ಮಾತ್ರೆ ಇಟ್ಟು ಭಾಮಿನಿ ಎನ್ನುವಂತಿಲ್ಲ. ದೇಹದ ತೂಕದ ವರ್ಗ, ವಯಸ್ಸಿನ ವರ್ಗ, ಹೆಂಗಸರ ವರ್ಗ, ಎಲ್ಲವೂ ಹೀಗೆಯೇ ಮಾಡಿಕೊಂಡ ಕಟ್ಟು. ಆ ಕಟ್ಟು ಇಲ್ಲದಿದ್ದರೆ ಅತ್ಯಂತ ಬಲಿಷ್ಠ ಗಂಡಸರು ಮಾತ್ರ ವೇದಿಕೆಯ ಮೇಲೆ ಉಳಿಯುತ್ತಿದ್ದರು. ಮಾಡಿಕೊಂಡದ್ದು ಎಂದರೆ ಸುಳ್ಳು ಎಂದಲ್ಲ. ಆದರೆ ಮಾಡಿಕೊಂಡವರು ಅದಕ್ಕೆ ಕಾರಣ ಹೇಳಲು ಬದ್ಧರು.

ಈಗ ನಮ್ಮ ಭಾಷೆಗೆ ಬರೋಣ. ಕನ್ನಡ ಪತ್ರಿಕೆಗಳಲ್ಲಿ ಇಂಥ ಸ್ಪರ್ಧಿಗಳಿಗೆ ‘ತೃತೀಯ ಲಿಂಗಿ’ ಎಂಬ ಪದ ಬಳಕೆಯಲ್ಲಿದೆ. ಬರೆಯುವವರು ಮರ್ಯಾದೆಯ ಪದವೆಂದೇ ಬರೆಯುತ್ತಾರೆ. ಆದರೆ ಅದು ವಿವಾದವನ್ನು ಸದ್ದಿಲ್ಲದೆ ಮುಗಿಸಿಬಿಟ್ಟಿದೆ: ಮೂರನೆಯವರು ಎಂದ ಮೇಲೆ ಎರಡನೆಯವರ ಸಾಲಿನಲ್ಲಿ ಅವರಿಗೇನು ಕೆಲಸ? ಇದು ಬರಿಯ ಪದದ ಚಮತ್ಕಾರವಲ್ಲ. ಅಮೆರಿಕೆಯ ಮಿನೆಸೋಟಾ ರಾಜ್ಯದ ಜೇಸೀ ಕೂಪರ್ ಎಂಬ ಟ್ರಾನ್ಸ್ ಮಹಿಳೆಗೆ 2018ರಲ್ಲಿ ಯುಎಸ್‌ಎ ಪವರ್‌ಲಿಫ್ಟಿಂಗ್ ಸಂಸ್ಥೆ ಹೆಂಗಸರ ವಿಭಾಗದಲ್ಲಿ ಅವಕಾಶ ನಿರಾಕರಿಸಿತು. ಆಮೇಲೆ ಆ ಸಂಸ್ಥೆ ಎಲ್ಲರಿಗೂ ತೆರೆದ ಬೇರೊಂದು ವಿಭಾಗವನ್ನೇ ತೆರೆಯಿತು. ಕೂಪರ್ 2021ರಲ್ಲಿ ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯಗಳಲ್ಲಿ ಒಮ್ಮೆ ಗೆದ್ದು ಒಮ್ಮೆ ಹಿನ್ನಡೆ ಕಂಡ ಮೇಲೆ, 2025ರ ಅಕ್ಟೋಬರಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಸಂಸ್ಥೆಯ ನಿಯಮ ಮೇಲ್ನೋಟಕ್ಕೇ ಭೇದ ಮಾಡುತ್ತದೆ ಎಂದು ಹೇಳಿತು. ಅದಕ್ಕೆ ಸಮರ್ಥನೀಯ ಕಾರಣವಿದೆಯೇ ಎಂಬ ಒಂದು ಅಂಶವನ್ನು ವಿಚಾರಣೆಗೆ ಹಿಂದಕ್ಕೆ ಕಳಿಸಿತು. ಭೇದ ಮಾಡಿದಿರಿ, ಕಾರಣ ತೋರಿಸಿ ಎಂಬ ಈ ಕ್ರಮ ನನಗೆ ಒಪ್ಪಿಗೆಯಾಯಿತು. ಪದದ ಹಿಂದೆ ಅಡಗಲು ಅದು ಯಾರಿಗೂ ಬಿಡುವುದಿಲ್ಲ.

ಕಾರಣ ಹೇಳದೆ ಗಡಿ ಕಾಯಹೊರಟವರ ಚರಿತ್ರೆ ಚೆನ್ನಾಗಿಲ್ಲ. 1966ರಲ್ಲಿ ಬುಡಾಪೆಸ್ಟಿನ ಯುರೋಪಿಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಹೆಂಗಸರನ್ನು ಬಟ್ಟೆ ಬಿಚ್ಚಿಸಿ ವೈದ್ಯರ ಮುಂದೆ ನಡೆಸಿದರು. 1968ರಿಂದ ಒಲಿಂಪಿಕ್ಸ್‌ನಲ್ಲಿ ವರ್ಣತಂತುವಿನ ಪರೀಕ್ಷೆ ಬಂತು. ಹೆಣ್ಣಾಗಿಯೇ ಹುಟ್ಟಿ ಬೆಳೆದ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ತಿನೆಸ್ ಪತಿನ್ಯೊ 1985ರಲ್ಲಿ ಅಂಥ ಪರೀಕ್ಷೆಯಲ್ಲಿ ಸಿಕ್ಕಿ, ಮಾನ ಕಳೆದುಕೊಂಡು, 1988ರಲ್ಲಿ ಮರಳಿ ಅರ್ಹತೆ ಪಡೆದರು. 2006ರಲ್ಲಿ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರಾಜನ್ ಅವರ ಪದಕವನ್ನು ಕಸಿದುಕೊಂಡದ್ದು ನಮ್ಮ ನೆರೆಯದೇ ಕಥೆ. ಈ ಹೆಂಗಸರಾರೂ ಟ್ರಾನ್ಸ್ ಅಲ್ಲ. ಅನುಮಾನಕ್ಕೆ ಒಮ್ಮೆ ಅಧಿಕಾರ ಕೊಟ್ಟರೆ, ಯಾರ ರಕ್ಷಣೆಗೆಂದು ಹೊರಟಿತೋ ಅವರ ಮೈಮೇಲೆಯೇ ಅದು ಮೊದಲು ಕೈ ಹಾಕುತ್ತದೆ. ಆದ್ದರಿಂದ ಹೆಂಗಸರ ವರ್ಗಕ್ಕೆ ಗಡಿ ಬೇಕೆನ್ನುವ ನಾನು, ಅದು ಸ್ಪರ್ಧೆಗೆ ಮೊದಲೇ ಬರೆದಿಟ್ಟ, ಕಾರಣ ಸಹಿತವಾದ, ಎಲ್ಲರಿಗೂ ತಿಳಿದ ಗಡಿಯಾಗಿರಬೇಕು ಎನ್ನುತ್ತೇನೆ. ಹೊರಗೆ ಉಳಿದವರಿಗೂ ಅದು ಅವಮಾನವಾಗದಂತೆ ಹೇಳುವ ಬಗೆ ಇದೆ.

ಆ ಬಗೆ ಕನ್ನಡದಲ್ಲಿ ಕಷ್ಟವಲ್ಲ. ಕೇಶಿರಾಜ ಲಿಂಗಗಳನ್ನು ಒಂಬತ್ತಾಗಿ ಎಣಿಸಿದ. ಆಮೇಲಿನವರು ಮೂರು ಸಾಕೆಂದರು. ಆದರೆ ಜನ ಮಾತಾಡುವಾಗ ಈ ಲೆಕ್ಕವನ್ನೆಲ್ಲ ದಾಟುವ ಒಂದು ರೂಪವನ್ನು ಮಾಡಿಕೊಂಡಿದ್ದಾರೆ. ಎತ್ತಿದನು ಎಂದರೆ ಒಂದು ಪಕ್ಷ, ಎತ್ತಿದಳು ಎಂದರೆ ಇನ್ನೊಂದು ಪಕ್ಷ. ಎತ್ತಿದರು ಎಂದರೆ ಎತ್ತಿದ್ದು ನಿಜವೆಂದೂ, ಎತ್ತಿದವರಿಗೆ ಮರ್ಯಾದೆ ಸಲ್ಲಬೇಕೆಂದೂ ಮಾತ್ರ ಅರ್ಥ. ಯಾವ ವರ್ಗದಲ್ಲಿ ಎತ್ತಬೇಕು ಎಂಬುದನ್ನು ಈ ಬಹುವಚನ ತೀರ್ಮಾನಿಸಲಾರದು. ಅದು ನಿಯಮ ಬರೆಯುವವರ ಕೆಲಸ, ಅವರು ಅದನ್ನು ಮಾಡಲೇಬೇಕು. ತೀರ್ಮಾನವಾಗುವ ತನಕ, ತೀರ್ಮಾನವಾದ ಮೇಲೂ, ನಮ್ಮ ಪತ್ರಿಕೆಗಳವರು ಹಬರ್ಡ್ ಅವರಿಗೂ ರೋಬಲ್ಸ್ ಅವರಿಗೂ, ಆ್ಯಂಡ್ರೆಸ್ ಅವರಿಗೂ ಹಚಿನ್ಸನ್ ಅವರಿಗೂ ಇದೊಂದೇ ಕ್ರಿಯಾಪದವನ್ನು ಬಳಸಿದರೆ ಸಾಕು. ನ್ಯಾಯದ ಮಾತು ಆಮೇಲೆ ನಿಧಾನವಾಗಿ, ಕೂಗಾಟವಿಲ್ಲದೆ ಆಡಬಹುದು.