ಚೇಳಿನ ಕೊಂಡಿಯ ಮಾತು

ಖಾನಾಪುರದ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಲುಬುಂಟು ಹಾಕುತ್ತ, ಕಾಯುವ ಹೊತ್ತಿನಲ್ಲಿ ‘ಭೀಮಾಯಣ’ (2011) ಓದಿದೆ. ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಚಿತ್ರಿಸಿದ ಈ ಗ್ರಾಫಿಕ್ ಕಾದಂಬರಿಯಲ್ಲಿ ಕಾಮಿಕ್ಸಿನ ಚೌಕಗಳಿಲ್ಲ. ಮೃದು ಮಾತಿಗೆ ಹಕ್ಕಿಯ ಆಕಾರ, ಕಟು ಮಾತಿಗೆ ಚೇಳಿನ ಕೊಂಡಿ.

ಫ್ಯಾಂಟಸಿಯೆಂದರೆ ವಾಸ್ತವದಿಂದ ತಪ್ಪಿಸಿಕೊಳ್ಳುವ ದಾರಿ ಎಂದುಕೊಂಡಿದ್ದೆ. ಇಲ್ಲಿ ಅದು ಅವಮಾನದ ವಿಷವನ್ನೇ ಕಣ್ಣಿಗೆ ಕಾಣಿಸುತ್ತದೆ.

1901ರಲ್ಲಿ ಬಾಲಕ ಅಂಬೇಡ್ಕರರು ಇಳಿದ ಮಸೂರ್ ನಿಲ್ದಾಣ, ನಮ್ಮೂರಿನಿಂದ ಬೆಳಗಾವಿ, ಮೀರಜ್ ದಾಟಿ ಪುಣೆಗೆ ಹೋಗುವ ರೈಲುದಾರಿಯಲ್ಲೇ ಇದೆ. ಅಲ್ಲಿಂದ ಮುಂದಿನ ಗಾಡಿ ಪಯಣದಲ್ಲಿ ಅವರಿಗೆ ಯಾರೂ ನೀರು ಕೊಡಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಅನುಮತಿ ಇಲ್ಲವೆಂಬ ಸಂದೇಶ ಬಂತು. ‘ಸುಡೊ’ ಸೇರಿಸಿ ಆಜ್ಞೆಯನ್ನು ಮತ್ತೆ ಬರೆದೆ, ಕೆಲಸವಾಯಿತು. ಆ ಹುಡುಗನಿಗೆ ಅಂಥ ಪದವೊಂದು ಇರಲಿಲ್ಲ.